ಸಹಿಯ ಲೆಕ್ಕ ಚೊಕ್ಕ, ಪ್ರಶ್ನೆಗೆ ಮಾತ್ರ ಜರಡಿ: ಬ್ರಿಟಿಷ್ ಸಂಸತ್ತಿನ ಇ-ಅರ್ಜಿ ಸೇವೆಯ ವಿಮರ್ಶೆ

ಬ್ರಿಟಿಷ್ ಸಂಸತ್ತಿನ ಇ-ಅರ್ಜಿ ಜಾಲತಾಣದಲ್ಲಿ ಶುಲ್ಕವಿಲ್ಲ, ಜಾಹೀರಾತಿಲ್ಲ, ಲಾಗಿನ್ ಇಲ್ಲ. ಹಾಗಾಗಿ ಪಾಸ್‌ವರ್ಡ್ ಮರೆಯುವ ಗೋಜೂ ಇಲ್ಲ. ಮೊಬೈಲಿನಲ್ಲಿ ತೆರೆದರೆ ಎರಡು ನಿಮಿಷದಲ್ಲಿ ಸಹಿ ಮುಗಿಯುತ್ತದೆ. ಆದರೆ ಇಂಥ ಸೇವೆಯನ್ನು ತೂಗಬೇಕಾದದ್ದು ಸಾಮಾನ್ಯ ದಿನದ ಬಳಕೆ ನೋಡಿ ಅಲ್ಲ. ಬೀದಿಯ ಗುಂಡಿ ಮುಚ್ಚಿ ಎಂಬ ಮನವಿಗೆ ಯಾವ ಜಾಲತಾಣವೂ ಸಾಕಾಗುತ್ತದೆ. 2019ರ ಮಾರ್ಚ್‌ನಲ್ಲಿ, ಐರೋಪ್ಯ ಒಕ್ಕೂಟ ಬಿಡುವ ಕೆಲಸವನ್ನು ಪ್ರಧಾನಿ ತೆರೇಸಾ ಮೇ ನಡೆಸುತ್ತಿದ್ದ ರೀತಿಯ ಬಗ್ಗೆ ಅಲ್ಲಿನ ಜನ ಕಿತ್ತಾಡುತ್ತಿದ್ದಾಗ, ಆ ಜಗಳದ ದೊಡ್ಡ ಪಾಲು ಬಂದು ಬಿದ್ದದ್ದು ಈ ಒಂದು ಜಾಲತಾಣದ ಮೇಲೆ. ಸೇವೆಯ ಗಟ್ಟಿತನವೂ ಪೊಳ್ಳುತನವೂ ಆಗ ಒಟ್ಟಿಗೇ ಹೊರಬಿದ್ದವು.

ಕಾಸರಗೋಡಿಗೂ ಇದಕ್ಕೂ ಏನು ಸಂಬಂಧ ಎಂದರೆ, ಇದೆ. ನಮ್ಮ ಕಡೆಯ ನರ್ಸ್‌ಗಳು, ಕೇರ್ ಹೋಮ್ ಕೆಲಸಗಾರರು, ಓದಲು ಹೋದ ಮಕ್ಕಳು ಈಗ ಬ್ರಿಟನ್ನಿನಲ್ಲಿದ್ದಾರೆ. ಅವರಿಗೆ ಇಲ್ಲಿ ಸಹಿಯ ಹಕ್ಕಿದೆ. ಮತ್ತೆ, ವ್ಯಾಪಾರ ಒಕ್ಕೂಟ ಸೇರುವ, ಬಿಡುವ ಮಾತು ಅಡಿಕೆ, ಕರಿಮೆಣಸಿನ ಊರಿಗೆ ಪರದೇಶದ ಸುದ್ದಿಯೂ ಅಲ್ಲ. ಮನಮೋಹನ್ ಸಿಂಗ್ ಸರ್ಕಾರ ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡಾಗ, 2009ರ ಅಕ್ಟೋಬರ್ 2ರಂದು ಎಡರಂಗದವರು ಮಾನವ ಸರಪಳಿ ಕಟ್ಟಿದ್ದು ಕಾಸರಗೋಡಿನಿಂದ ತಿರುವನಂತಪುರದವರೆಗೆ. ಹತ್ತು ವರ್ಷ ಕಳೆದು, 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ನರೇಂದ್ರ ಮೋದಿ ಆರ್‌ಸಿಇಪಿ ಎಂಬ ದೊಡ್ಡ ವ್ಯಾಪಾರ ಒಪ್ಪಂದಕ್ಕೆ ಸೇರುವುದಿಲ್ಲ ಎಂದಾಗ ಅದು ಸರಿಯೋ ತಪ್ಪೋ ಎಂಬ ಚರ್ಚೆ ಮತ್ತೆ ಎದ್ದಿತು. ಎರಡು ಸಲವೂ ಎಷ್ಟು ಮಂದಿ ಯಾವ ಕಡೆ ಎಂದು ಊರುವಾರು ಎಣಿಸಿ ನೋಡುವ ಸಾಧನ ನಮ್ಮಲ್ಲಿರಲಿಲ್ಲ. ಬ್ರಿಟನ್ನಿನವರಲ್ಲಿತ್ತು.

ಸಹಿ ಹಾಕುವುದು ಹೇಗೆ, ಎಲ್ಲಿ ಎಡವುತ್ತದೆ

ಅರ್ಜಿಯ ಪುಟದಲ್ಲಿ ಸಹಿಯ ಗುಂಡಿ ಒತ್ತಿದ ಕೂಡಲೇ ಒಂದು ಚೌಕ ಎದುರಾಗುತ್ತದೆ: ನಾನು ಬ್ರಿಟಿಷ್ ಪ್ರಜೆ ಅಥವಾ ಯುಕೆ ನಿವಾಸಿ. ಇದಕ್ಕೆ ಗುರುತು ಹಾಕಿ, ಹೆಸರು, ಇಮೇಲ್, ಇರುವ ದೇಶ, ಪೋಸ್ಟ್‌ಕೋಡ್ ತುಂಬಿಸಬೇಕು. ಮುಂದಿನ ಪುಟ ನೀವು ಕೊಟ್ಟ ಇಮೇಲ್ ವಿಳಾಸವನ್ನು ತೋರಿಸಿ ಸರಿಯೇ ಎಂದು ಕೇಳುತ್ತದೆ. ಸರಿ ಎಂದರೆ ಆ ವಿಳಾಸಕ್ಕೆ ಒಂದು ಕೊಂಡಿ ಬರುತ್ತದೆ. ಅದನ್ನು ಒತ್ತಿದಾಗಲೇ ಸಹಿ ಎಣಿಕೆಗೆ ಸೇರುವುದು. ಒಟಿಪಿ ಇಲ್ಲ, ಆಧಾರ್‌ನಂಥದ್ದು ಏನೂ ಇಲ್ಲ. ಒಟಿಪಿಗೆ ಒಗ್ಗಿಹೋದ ನಮ್ಮವರು ಎಡವುವುದು ಇಲ್ಲಿಯೇ. ಫಾರ್ಮ್ ತುಂಬಿಸಿ ‘ಆಯಿತು’ ಎಂದುಕೊಂಡು ಪುಟ ಮುಚ್ಚುತ್ತಾರೆ, ಮೊಬೈಲಿಗೆ ಮೆಸೇಜ್ ಬರಲಿ ಎಂದು ಕಾಯುತ್ತಾರೆ. ಇಮೇಲ್ ಮಾತ್ರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಕೊಂಡಿ ಒತ್ತದ ಸಹಿ ಸಹಿಯೇ ಅಲ್ಲ.

ಪೋಸ್ಟ್‌ಕೋಡ್ ಎಂದರೆ ನಮ್ಮ ಪಿನ್‌ಕೋಡ್ ಅಲ್ಲ. 671121 ಎಂದು ಬರೆದರೆ ಜಾಲತಾಣ ಒಪ್ಪುವುದಿಲ್ಲ. ಅಲ್ಲಿನದು ಅಕ್ಷರ, ಅಂಕಿ ಬೆರೆತದ್ದು. ಕೆಲವೇ ಮನೆಗಳಿಗೆ ಒಂದು. ನೀವು ಯಾವ ಸಂಸದನ ಕ್ಷೇತ್ರದವರು ಎಂದು ಜಾಲತಾಣ ತಿಳಿಯುವುದು ಅದರಿಂದಲೇ. ಆದ್ದರಿಂದ ಬಾಡಿಗೆ ಮನೆ ಬದಲಿಸಿದವರು ಹಳೆಯ ಪೋಸ್ಟ್‌ಕೋಡ್ ಹಾಕಿದರೆ ಸಹಿ ಹಳೆಯ ಸಂಸದನ ಲೆಕ್ಕಕ್ಕೆ ಹೋಗುತ್ತದೆ.

ಯಾರು ಹಾಕಬಹುದು ಎಂಬಲ್ಲಿ ಗೊಂದಲ ಹೆಚ್ಚು. ವರ್ಕ್ ವೀಸಾದಲ್ಲಿ ಅಲ್ಲಿ ನೆಲೆಸಿರುವ ಭಾರತೀಯ ನರ್ಸ್ ಹಾಕಬಹುದು, ಯಾಕೆಂದರೆ ನಿವಾಸಿ. ಬ್ರಿಟಿಷ್ ಪೌರತ್ವ ಪಡೆದು ಈಗ ಊರಿಗೆ ಬಂದು ಬದಿಯಡ್ಕದಲ್ಲಿ ಮನೆ ಕಟ್ಟಿಸಿ ಕೂತವರೂ ಹಾಕಬಹುದು. ದೇಶದ ಪಟ್ಟಿಯಲ್ಲಿ ಭಾರತ ಆರಿಸಿದರಾಯಿತು. ಮಗಳ ಹೆರಿಗೆಗೆಂದು ವಿಸಿಟರ್ ವೀಸಾದಲ್ಲಿ ಹೋದ ಅಮ್ಮ ಹಾಕುವಂತಿಲ್ಲ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಕೊಂಡಿ ಬಂತೆಂದು ಇಲ್ಲಿ ಕೂತ ಅಣ್ಣ ತಮ್ಮಂದಿರೆಲ್ಲ ಒತ್ತುವ ಹಾಗೂ ಇಲ್ಲ. ಒತ್ತಿದರೆ ತಡೆಯುವವರು ಯಾರು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಮುಂದೆ ಬರೋಣ.

ಇಲ್ಲಿ ಒಂದು ಸಣ್ಣ ಸೂಕ್ಷ್ಮ ಇದೆ. 2016ರ ಜೂನ್ 23ರ ಜನಮತದಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ಪ್ರಜೆಗಳಿಗೆ ಮತವಿತ್ತು. ಅಂದರೆ ಅಲ್ಲಿದ್ದ ಭಾರತೀಯನು ಐರೋಪ್ಯ ಒಕ್ಕೂಟದಲ್ಲಿ ಇರಬೇಕೋ ಬೇಡವೋ ಎಂದು ಮತ ಹಾಕಬಹುದಿತ್ತು. ಪಕ್ಕದ ಮನೆಯ ಪೋಲೆಂಡಿನವನಿಗೆ, ಅವನ ಬದುಕೇ ಅದರ ಮೇಲೆ ನಿಂತಿದ್ದರೂ, ಮತವಿರಲಿಲ್ಲ. ಅರ್ಜಿಯ ಸಹಿಯಲ್ಲಿ ಈ ಭೇದ ಇಲ್ಲ. ನಿವಾಸಿಯಾಗಿದ್ದರೆ ಸಾಕು, ಪೋಲೆಂಡಿನವನೂ ಸೈ, ಪೈವಳಿಕೆಯವನೂ ಸೈ. ಸಹಿಯ ಸಂಖ್ಯೆಯನ್ನು ಮತದ ಸಂಖ್ಯೆಯ ಪಕ್ಕ ಇಟ್ಟು ಹೋಲಿಸುವವರು ಮೊದಲು ನೆನಪಿಡಬೇಕಾದ್ದು ಇದು.

ಸಹಿ ಹಾಕಿದವರ ಹೆಸರು ಎಲ್ಲೂ ಕಾಣುವುದಿಲ್ಲ, ಅರ್ಜಿ ಹುಟ್ಟುಹಾಕಿದವರ ಹೆಸರು ಮಾತ್ರ ಪುಟದಲ್ಲಿ ಇರುತ್ತದೆ. ಇದು ಸಣ್ಣ ಮಾತಲ್ಲ. 2019ರಲ್ಲಿ ಒಕ್ಕೂಟದಲ್ಲೇ ಉಳಿಯಿರಿ ಎಂಬ ದೊಡ್ಡ ಅರ್ಜಿ ಹಾಕಿದ ಮಹಿಳೆಗೆ ಫೋನಿನಲ್ಲಿ ಕೊಲೆ ಬೆದರಿಕೆ ಬಂದು, ಅವರು ಫೇಸ್‌ಬುಕ್ ಖಾತೆಯನ್ನೇ ಮುಚ್ಚಬೇಕಾಯಿತು.

ಅರ್ಜಿ ಹುಟ್ಟುಹಾಕುವಲ್ಲಿ ಇರುವ ಜರಡಿ

ಹೊಸ ಅರ್ಜಿಗೆ ಬೇಡಿಕೆಯನ್ನು ಒಂದೇ ಸಾಲಿನಲ್ಲಿ ಬರೆಯಬೇಕು, ಹಿನ್ನೆಲೆಯನ್ನು ಒಂದು ಸಣ್ಣ ಪ್ಯಾರಾದಲ್ಲಿ. ನಮ್ಮ ಕಡೆಯ ಮನವಿಗಳ ಹಾಗೆ ‘ಮಾನ್ಯರೇ’ಯಿಂದ ಆರಂಭಿಸಿ ಎರಡು ಪುಟ ಪೀಠಿಕೆ ಹಾಕಲು ಜಾಗವಿಲ್ಲ, ಒಳ್ಳೆಯದೇ ಆಯಿತು. ಆಮೇಲೆ ಐದು ಮಂದಿ ಬೆಂಬಲಿಗರ ಇಮೇಲ್ ದೃಢೀಕರಣ ಬೇಕು. ಅದಾದ ನಂತರ ಸಂಸತ್ತಿನ ಸಿಬ್ಬಂದಿ ನಿಯಮಕ್ಕೆ ಹೊಂದುತ್ತದೆಯೇ ಎಂದು ನೋಡಿ ಪ್ರಕಟಿಸುತ್ತಾರೆ. ಪ್ರಕಟವಾದ ಅರ್ಜಿ ಆರು ತಿಂಗಳು ತೆರೆದಿರುತ್ತದೆ. 10,000 ಸಹಿ ದಾಟಿದರೆ ಸರ್ಕಾರ ಲಿಖಿತ ಉತ್ತರ ಕೊಡುತ್ತದೆ. 1,00,000 ದಾಟಿದರೆ ಸಂಸತ್ತಿನಲ್ಲಿ ಚರ್ಚೆಗೆ ಪರಿಗಣಿಸುತ್ತಾರೆ. ಪರಿಗಣಿಸುತ್ತಾರೆ, ಅಷ್ಟೇ, ಆದರೂ ಹೆಚ್ಚಿನವು ಚರ್ಚೆಗೆ ಬರುತ್ತವೆ.

ತಿರಸ್ಕಾರವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಅದೇ ಬೇಡಿಕೆಯ ಇನ್ನೊಂದು ಅರ್ಜಿ ಆಗಲೇ ತೆರೆದಿದ್ದರೆ ಹೊಸದನ್ನು ಒಪ್ಪುವುದಿಲ್ಲ, ಅದಕ್ಕೇ ಸಹಿ ಹಾಕಿ ಎನ್ನುತ್ತಾರೆ. ಬರೆಯುವ ಮೊದಲು ಹುಡುಕು ಪೆಟ್ಟಿಗೆಯಲ್ಲಿ ನಾಲ್ಕೈದು ಪದ ಹಾಕಿ ನೋಡಿದರೆ ಈ ತೊಂದರೆ ಇಲ್ಲ. ಎರಡನೆಯದು, ಬ್ರಿಟಿಷ್ ಸರ್ಕಾರದ ಅಥವಾ ಸಂಸತ್ತಿನ ಕೈಯಲ್ಲಿ ಇಲ್ಲದ ವಿಷಯ. ಸ್ಥಳೀಯ ಕೌನ್ಸಿಲ್ ಮಾಡಬೇಕಾದ ಕೆಲಸಕ್ಕೆ ಇಲ್ಲಿ ಅರ್ಜಿ ಹಾಕಿದರೆ ವಾಪಸ್.

ಇವೆರಡೂ ನ್ಯಾಯವೇ. ಮೂರನೆಯ ನಿಯಮದಲ್ಲಿ ಇರುವುದು ಇಡೀ ಸೇವೆಯ ಸ್ವಭಾವ. ಯಾರನ್ನಾದರೂ ಹುದ್ದೆಗೆ ತನ್ನಿ, ಹುದ್ದೆಯಿಂದ ಇಳಿಸಿ, ರಾಜೀನಾಮೆ ಕೊಡಿಸಿ, ಸರ್ಕಾರದ ಮೇಲೆ ಅವಿಶ್ವಾಸ ಮತ ನಡೆಸಿ ಎಂಬ ಅರ್ಜಿಗಳನ್ನು ಈ ಜಾಲತಾಣ ತೆಗೆದುಕೊಳ್ಳುವುದಿಲ್ಲ. ಅಂದರೆ ಪ್ರಧಾನಿಯ ಕೆಲಸ ಸರಿಯಿಲ್ಲ ಎಂಬ ಸಿಟ್ಟನ್ನು ಇದ್ದ ಹಾಗೆ ಬರೆಯಲು ಬರುವುದಿಲ್ಲ; ಅದನ್ನು ಒಂದು ನೀತಿಯ ಬೇಡಿಕೆಯಾಗಿ ತಿರುಗಿಸಿ ಬರೆಯಬೇಕು. ತಮಾಷೆಯೆಂದರೆ, ಸಾರ್ವತ್ರಿಕ ಚುನಾವಣೆ ನಡೆಸಿ ಎಂದು ಕೇಳಬಹುದು. 2024ರ ನವೆಂಬರ್‌ನಲ್ಲಿ ಕೀರ್ ಸ್ಟಾರ್ಮರ್ ಸರ್ಕಾರದ ವಿರುದ್ಧ ಸಿಟ್ಟಾದವರು ಆ ಬಾಗಿಲಿನಿಂದಲೇ ಒಳನುಗ್ಗಿ ಸುಮಾರು 30 ಲಕ್ಷ ಸಹಿ ಗುಡ್ಡೆ ಹಾಕಿದರು. ಮನೆ ಯಜಮಾನನನ್ನು ಬೈಯುವ ಹಾಗಿಲ್ಲ, ಮನೆಯನ್ನೇ ಕೆಡವಿ ಎಂದು ಕೇಳಬಹುದು. ಎಂಥ ನಿಯಮವೋ ಮಾರಾಯ್ರೆ.

2019ರ ಮಾರ್ಚ್: ಹೊರೆ ಬಿದ್ದಾಗ

ಆಗಿನ ಜಗಳ ಏನು ಎಂಬುದನ್ನು ಬಿಡಿಸಿ ಹೇಳದೆ ಸೇವೆಯ ಬೆಲೆ ತಿಳಿಯದು. ಜನಮತದಲ್ಲಿ ಬಿಡುವ ಕಡೆಗೆ 1,74,10,742 ಮತ, ಉಳಿಯುವ ಕಡೆಗೆ 1,61,41,241. ಮೇ ಅವರು 2017ರ ಮಾರ್ಚ್ 29ರಂದು ಒಕ್ಕೂಟದ ಒಪ್ಪಂದದ 50ನೇ ವಿಧಿಯಡಿ ಬಿಡುವ ನೋಟಿಸ್ ಕೊಟ್ಟರು. ಎರಡು ವರ್ಷದ ಗಡಿಯಾರ ಅಲ್ಲಿಂದ ಓಡತೊಡಗಿತು. ಅದೇ ವರ್ಷದ ಜೂನ್‌ನಲ್ಲಿ ಬೇಡದ ಚುನಾವಣೆ ಮಾಡಿ ಇದ್ದ ಬಹುಮತವನ್ನೂ ಕಳೆದುಕೊಂಡು, ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷದ 10 ಸಂಸದರ ಮೇಲೆ ಒರಗಬೇಕಾಯಿತು. ಅವರು ತಂದ 585 ಪುಟದ ಬಿಡುಗಡೆ ಒಪ್ಪಂದ 2019ರ ಜನವರಿ 15ರಂದು 432-202ರಲ್ಲಿ ಸೋತಿತು, ಮಾರ್ಚ್ 12ರಂದು 391-242ರಲ್ಲಿ ಮತ್ತೆ ಸೋತಿತು.

ಸೋಲಿಸಿದವರು ಒಂದೇ ಗುಂಪಿನವರಲ್ಲ. ಐರ್ಲೆಂಡ್ ಗಡಿಯಲ್ಲಿ ತಪಾಸಣೆ ಬಾರದಿರಲೆಂದು ಇಟ್ಟ ಬ್ಯಾಕ್‌ಸ್ಟಾಪ್ ಎಂಬ ಷರತ್ತು ಬ್ರಿಟನ್ನನ್ನು ಒಕ್ಕೂಟದ ಸುಂಕ ವ್ಯವಸ್ಥೆಗೇ ಕಟ್ಟಿಹಾಕುತ್ತದೆ, ಇದು ಬಿಟ್ಟಂತೆಯೇ ಅಲ್ಲ ಎಂದವರು ಮೇ ಅವರದೇ ಪಕ್ಷದ ಕಟ್ಟಾ ಬ್ರೆಕ್ಸಿಟ್‌ನವರು, ಅಂದರೆ ಒಕ್ಕೂಟವನ್ನು ಪೂರ್ತಿ ಬಿಡಬೇಕೆಂದವರು. ಅದೇ ಷರತ್ತು ಉತ್ತರ ಐರ್ಲೆಂಡನ್ನು ಉಳಿದ ದೇಶದಿಂದ ಬೇರೆ ಮಾಡುತ್ತದೆ ಎಂದದ್ದು ಡಿಯುಪಿ. ಮತ್ತೊಮ್ಮೆ ಜನರನ್ನೇ ಕೇಳಿ, ಇಲ್ಲವೇ ಬಿಡುವುದೇ ಬೇಡ ಎಂದವರು ಇನ್ನೊಂದು ಕಡೆ. ಮೂವರೂ ಮೇ ನಡೆಸಿದ ರೀತಿಯನ್ನು ವಿರೋಧಿಸಿದರು, ಮೂವರ ಬೇಡಿಕೆಯೂ ಬೇರೆ ಬೇರೆ. ಈ ಮೂರು ಮೂಲೆಯ ಜಗಳವನ್ನು ಅರ್ಜಿ ಜಾಲತಾಣ ಹೇಗೆ ಹಿಡಿದೀತು?

ಮಾರ್ಚ್ 20ರ ರಾತ್ರಿ ಮೇ ಟಿವಿಯಲ್ಲಿ ಮಾತಾಡಿ, ವಿಳಂಬದ ಹೊಣೆಯನ್ನು ಸಂಸದರ ತಲೆಗೆ ಕಟ್ಟಿ, ತಾನು ಜನರ ಕಡೆ ಎಂದರು. ಅದಕ್ಕೆ ಒಂದು ತಿಂಗಳು ಮೊದಲೇ, 50ನೇ ವಿಧಿಯ ನೋಟಿಸ್ ಹಿಂದೆಗೆದು ಒಕ್ಕೂಟದಲ್ಲೇ ಉಳಿಯಿರಿ ಎಂಬ ಅರ್ಜಿ ಜಾಲತಾಣದಲ್ಲಿ ತಣ್ಣಗೆ ಕೂತಿತ್ತು. ಕ್ರಮಸಂಖ್ಯೆ 241584. ಆ ಭಾಷಣದ ಬೆನ್ನಿಗೆ ಸಹಿ ಏರಿದ ಪರಿಗೆ ಮರುದಿನ ಜಾಲತಾಣವೇ ಮಲಗಿತು. ಮಧ್ಯಾಹ್ನದ ಹೊತ್ತಿಗೆ ನಿಮಿಷಕ್ಕೆ ಹತ್ತಿರ ಹತ್ತಿರ 2,000 ಸಹಿ ಬರುತ್ತಿತ್ತು. ಇಂಥ ವೇಗ ಹಿಂದೆಂದೂ ಕಂಡದ್ದಿಲ್ಲ ಎಂದು ಈ ಸೇವೆಯನ್ನು ನೋಡಿಕೊಳ್ಳುವ ಸಂಸದರ ಅರ್ಜಿಗಳ ಸಮಿತಿಯೇ ಹೇಳಿತು.

ಮಲಗಿದ್ದು ಯಾಕೆ ಎಂದು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಒಂದು ಸಹಿ ಎಂದರೆ ಒಂದು ಕ್ಲಿಕ್ ಅಲ್ಲ: ಅರ್ಜಿಯ ಪುಟ, ಫಾರ್ಮ್, ಇಮೇಲ್ ಸರಿಯೇ ಎಂಬ ಪುಟ, ಹೊರಹೋಗುವ ಒಂದು ಇಮೇಲ್, ಕೊಂಡಿ ಒತ್ತಿದಾಗ ಮತ್ತೊಂದು ಪುಟ, ಡೇಟಾಬೇಸ್‌ನಲ್ಲಿ ಒಂದು ತಿದ್ದುಪಡಿ. ಅದರ ಮೇಲೆ, ಸಹಿ ಹಾಕಿದವರು ಸುಮ್ಮನಿರದೆ ಸಂಖ್ಯೆ ಎಷ್ಟಾಯಿತು ಎಂದು ಪುಟವನ್ನು ಮತ್ತೆ ಮತ್ತೆ ತೆರೆಯುವುದು. ನಿರ್ವಾಹಕರು ಮಾಡಿದ್ದು ಸರಿಯಾದ ಕೆಲಸ: ತೋರಿಸುವ ಸಂಖ್ಯೆಯನ್ನು ಪದೇ ಪದೇ ಹೊಸದಾಗಿ ಎಣಿಸುವುದನ್ನು ಕಡಿಮೆ ಮಾಡಿದರು. ಹಾಗಾಗಿ ಪುಟದ ಅಂಕಿ ಕೆಲವು ಹೊತ್ತು ನಿಂತೇ ಇದ್ದು ಆಮೇಲೆ ಒಮ್ಮೆಲೇ ಜಿಗಿಯುತ್ತಿತ್ತು. ಸರ್ಕಾರವೇ ಸಹಿ ಅಳಿಸುತ್ತಿದೆ ಎಂಬ ಗುಮಾನಿಗೆ ಅದು ಸಾಕಾಯಿತು. ದೊಡ್ಡ ಅರ್ಜಿ ಓಡುವಾಗ ಅಂಕಿ ನಿಂತಂತೆ ಕಂಡರೆ ಗಾಬರಿ ಬೇಡ. ಕೊಂಡಿ ಒತ್ತಿದ ನಂತರ ಸಹಿ ಸೇರಿದೆ ಎಂಬ ಪುಟ ಬಂದಿದ್ದರೆ ನಿಮ್ಮದು ಸೇರಿದೆ. ಮತ್ತೆ ಹಾಕಲು ಹೋಗಬೇಡಿ.

ಬಿದ್ದ ಜಾಲತಾಣ ಎದ್ದು ನಿಂತು, ಅರ್ಜಿ ಮುಚ್ಚುವ ಹೊತ್ತಿಗೆ 61,03,056 ಸಹಿ ಎಣಿಸಿತ್ತು. ತಾಂತ್ರಿಕವಾಗಿ ಇದಕ್ಕೆ ಬೆನ್ನು ತಟ್ಟಲೇಬೇಕು. ಇದರ ಕೋಡ್ ಎಲ್ಲರಿಗೂ ತೆರೆದಿದೆ, ರೂಬಿ ಆನ್ ರೇಲ್ಸ್‌ನಲ್ಲಿ ಬರೆದದ್ದು; ಯಾವ ದೇಶದವರೂ ಇಳಿಸಿಕೊಂಡು ತಮ್ಮ ಸಂಸತ್ತಿಗೆ ನಿಲ್ಲಿಸಬಹುದು.

ಕಳ್ಳ ಸಹಿಯ ಪ್ರಶ್ನೆ ಈಗ. ಚೌಕಕ್ಕೆ ಹಾಕುವ ಗುರುತು ಬರೀ ನಂಬಿಕೆ. ಮತದಾರರ ಪಟ್ಟಿಯ ಜೊತೆ ಯಾರೂ ತಾಳೆ ನೋಡುವುದಿಲ್ಲ. 2016ರಲ್ಲಿ ಮರುಜನಮತ ಕೇಳಿದ ಅರ್ಜಿಗೆ ವ್ಯಾಟಿಕನ್ ನಗರವೊಂದರಿಂದಲೇ 39,000ಕ್ಕೂ ಹೆಚ್ಚು ಸಹಿ ಬಿದ್ದಿತ್ತು. ಅಲ್ಲಿನ ಜನಸಂಖ್ಯೆ ಸಾವಿರವೂ ಇಲ್ಲ. ಸುಮಾರು 77,000 ಸಹಿಗಳನ್ನು ಸಮಿತಿ ಕಿತ್ತುಹಾಕಿತು. 2019ರಲ್ಲೂ ಇದೆಲ್ಲ ರಷ್ಯಾದ ಬಾಟ್‌ಗಳ ಕೆಲಸ ಎಂದವರಿದ್ದರು. ಆದರೆ ಆಗ ಸಮಿತಿ ಕೊಟ್ಟ ಲೆಕ್ಕದಂತೆ 96 ಶೇಕಡಾ ಸಹಿ ಬ್ರಿಟನ್ನಿನೊಳಗಿನದು. ಉಳಿದದ್ದರಲ್ಲಿ ಫ್ರಾನ್ಸ್, ಸ್ಪೇನ್‌ಗಳಲ್ಲಿ ನೆಲೆಸಿದ ಬ್ರಿಟಿಷರ ಪಾಲು ದೊಡ್ಡದು, ಅವರಿಗಂತೂ ಹಕ್ಕೇ ಇತ್ತು. ಇಲ್ಲಿ ಸೇವೆಗೆ ಪೂರ್ಣ ಅಂಕ ಕೊಡಲಾಗದು, ಪೂರ್ಣ ಕಳೆಯಲೂ ಆಗದು. ಹೆಬ್ಬೆಟ್ಟೊತ್ತಿಸಿದ ಕಾಗದದ ಸಹಿ ಸಂಗ್ರಹದಲ್ಲಿ ಒಬ್ಬನೇ ಕೂತು ಹತ್ತು ಹೆಸರು ಗೀಚಿದರೆ ಹಿಡಿಯುವವರು ಯಾರು? ಇಲ್ಲಿ ಕಡೇ ಪಕ್ಷ ದೇಶವಾರು ಅಂಕಿ ಎಲ್ಲರ ಮುಂದಿದೆ. ವ್ಯಾಟಿಕನ್ನಿನ ಕಳ್ಳತನ ಕಂಡದ್ದೂ ಅದೇ ಅಂಕಿಯಿಂದ.

ಸಹಿಗೆ ಸಿಕ್ಕಿದ್ದು ಏನು

ಸರ್ಕಾರದ ಉತ್ತರ ಮಾರ್ಚ್ 26ರಂದೇ ಬಂತು: ನೋಟಿಸ್ ಹಿಂದೆಗೆಯುವುದಿಲ್ಲ, ಜನಮತದ ಫಲಿತಾಂಶವನ್ನು ಗೌರವಿಸುತ್ತೇವೆ. ಹಿಂದೆಗೆಯಲು ಕಾನೂನಿನ ಅಡ್ಡಿ ಇರಲಿಲ್ಲ ಎಂಬುದನ್ನು ಗಮನಿಸಬೇಕು; ಬ್ರಿಟನ್ ಬೇರೆ ಯಾರ ಒಪ್ಪಿಗೆಯನ್ನೂ ಕೇಳದೆ ನೋಟಿಸ್ ವಾಪಸ್ ಪಡೆಯಬಹುದು ಎಂದು ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್ 10ರಂದು ತೀರ್ಪು ಕೊಟ್ಟಾಗಿತ್ತು. ಹಾಗಾಗಿ ಅರ್ಜಿ ಆಗದ ಕೆಲಸವನ್ನು ಕೇಳಿರಲಿಲ್ಲ. ಸದನದ ನಾಯಕಿ ಆಂಡ್ರಿಯಾ ಲೆಡ್ಸಮ್ ಅವರ ವಾದ ಬೇರೆ ಇತ್ತು: ಸಹಿ 1.74 ಕೋಟಿಗೆ ಮುಟ್ಟಲಿ, ಆಗ ನೋಡೋಣ. ಅರ್ಜಿಯನ್ನು ಜನಮತದ ತಕ್ಕಡಿಗೆ ಹಾಕುವುದು ತಪ್ಪು ತೂಕ. ಆರು ತಿಂಗಳ ಗಡುವಿರುವ, ಇಮೇಲ್ ಬೇಕಾದ ಸಹಿಯನ್ನು ಮತಗಟ್ಟೆ, ಅಂಚೆ ಮತ ಎಲ್ಲ ಇರುವ ಮತದಾನಕ್ಕೆ ಹೋಲಿಸಿದ್ದು ಜಾಣತನದ ತಪ್ಪಿಸಿಕೊಳ್ಳುವಿಕೆ ಅಷ್ಟೆ.

ಚರ್ಚೆ ನಡೆದದ್ದು ಏಪ್ರಿಲ್ 1ರ ಸೋಮವಾರ, ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ. ಹೆಸರು ದೊಡ್ಡದು, ಅರ್ಜಿಗಳ ಚರ್ಚೆ ನಡೆಯುವ ಪಕ್ಕದ ಕೋಣೆ ಅದು, ಮುಖ್ಯ ಸದನವಲ್ಲ. ಅಲ್ಲಿ ಮಂಡಿಸುವುದು ‘ಈ ಸದನ ಇಂಥ ಅರ್ಜಿಯನ್ನು ಪರಿಗಣಿಸಿದೆ’ ಎಂಬ ನಿರ್ಣಯ. ಸಚಿವರು ಬಂದು ಉತ್ತರ ಹೇಳಿ ಹೋಗುತ್ತಾರೆ, ಯಾವ ಕಾನೂನೂ ಬದಲಾಗುವುದಿಲ್ಲ. ಅದೇ ಸಂಜೆ ಮುಖ್ಯ ಸದನದಲ್ಲಿ ಸಂಸದರು ತಮ್ಮದೇ ಪರ್ಯಾಯಗಳ ಮೇಲೆ ಮತ ಹಾಕುತ್ತಿದ್ದರು. ಒಪ್ಪಂದವಿಲ್ಲದೆ ಹೊರಬೀಳುವ ಸ್ಥಿತಿ ಬಂದರೆ ನೋಟಿಸ್ ಹಿಂದೆಗೆಯುವ ದಾರಿ ಇರಲಿ ಎಂಬ ಸಂಸದೆ ಜೊವಾನ್ನಾ ಚೆರಿ ಅವರ ನಿರ್ಣಯ 191-292ರಲ್ಲಿ ಬಿತ್ತು. ಸುಂಕ ಒಕ್ಕೂಟದಲ್ಲಿ ಉಳಿಯುವ ನಿರ್ಣಯ ಬರೀ ಮೂರು ಮತಗಳಿಂದ, 273-276ರಲ್ಲಿ. ತೂಕವಿದ್ದ ಮಾತು ಆ ಕೋಣೆಯಲ್ಲಿತ್ತು, ಸಹಿಯ ರಾಶಿ ಈ ಕೋಣೆಯಲ್ಲಿ.

ಈ ಸೇವೆಯ ಮುಖ್ಯ ಕೊರತೆ ಎಂದು ಕಾಣುವುದು ಇನ್ನೊಂದು. ‘ಒಪ್ಪುವುದಿಲ್ಲ’ ಎಂಬ ಗುಂಡಿ ಇಲ್ಲ. ವಿರೋಧವಿದ್ದವರು ಬೇರೆ ಅರ್ಜಿ ಹಾಕಬೇಕು. ಹಾಕಿದರು ಕೂಡ: ಒಪ್ಪಂದವಿಲ್ಲದೆಯೇ 2019ರ ಮಾರ್ಚ್‌ನಲ್ಲಿ ಬಿಟ್ಟುಬಿಡಿ ಎಂಬ ಅರ್ಜಿಗೆ 6 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಏಪ್ರಿಲ್ 1ರ ಚರ್ಚೆಯಲ್ಲೇ ಎರಡನೆಯ ಜನಮತ ಕೇಳಿದ ಅರ್ಜಿಯೂ, ಮೊದಲ ಜನಮತವನ್ನು ಗೌರವಿಸಿ ಎಂಬ ಅರ್ಜಿಯೂ ಒಟ್ಟಿಗಿದ್ದವು. ಆದರೆ 61 ಲಕ್ಷದ ಪಕ್ಕ 6 ಲಕ್ಷ ಇಟ್ಟು, ಉಳಿಯುವವರು ಹತ್ತು ಮಂದಿಯಾದರೆ ಬಿಡುವವರು ಒಬ್ಬರು, ಜನ ಮನಸ್ಸು ಬದಲಿಸಿದರು ಎಂದರೆ ನಗೆಪಾಟಲು. ಗೆದ್ದವರಿಗೆ ಸಹಿ ಹಾಕುವ ಅವಸರವಿರುವುದಿಲ್ಲ. ಮೂರನೆಯ ಗುಂಪು, ಅಂದರೆ ಬಿಡುವುದು ಸರಿ ಆದರೆ ಮೇ ನಡೆಸಿದ ರೀತಿ ಸರಿಯಿಲ್ಲ ಎಂದವರಿಗೆ, ಅಂಥ ಅರ್ಜಿಯನ್ನೇ ನಿಯಮ ಬಿಡುವುದಿಲ್ಲ. ಅವರು ಲೆಕ್ಕದಲ್ಲೇ ಇಲ್ಲ.

ಅರ್ಜಿಯ ಪಠ್ಯ ಒಂದು, ಸಹಿ ಹಾಕುವವರ ಮನಸ್ಸು ಇನ್ನೊಂದು ಆಗುವುದಕ್ಕೆ 2016ರ ಆ ಮರುಜನಮತದ ಅರ್ಜಿಗಿಂತ ಒಳ್ಳೆಯ ಸಾಕ್ಷಿ ಬೇಡ. 75 ಶೇಕಡಾಕ್ಕಿಂತ ಕಡಿಮೆ ಮತದಾನವಾಗಿ, ಗೆದ್ದ ಕಡೆಗೆ 60 ಶೇಕಡಾ ಬಾರದಿದ್ದರೆ ಮತ್ತೆ ಜನಮತ ಮಾಡಿ ಎಂದು ಅದನ್ನು ಹಾಕಿದವನು ಬಿಡುವ ಪಕ್ಷದವನು. ತಮ್ಮವರು ಸೋಲುತ್ತಾರೆಂಬ ಲೆಕ್ಕಾಚಾರದಲ್ಲಿ ಫಲಿತಾಂಶಕ್ಕೆ ಮೊದಲೇ ಹಾಕಿದ್ದ. ಗೆದ್ದದ್ದು ಅವನ ಕಡೆಯೇ. ಸಹಿ ಹಾಕಿದ 41 ಲಕ್ಷ ಮಂದಿ ಹೆಚ್ಚಾಗಿ ಅವನ ಎದುರು ಪಕ್ಷದವರು. ಪ್ರಕಟವಾದ ಅರ್ಜಿಯನ್ನು ತಿದ್ದಲು ಅವಕಾಶವಿಲ್ಲ, ಕೈಕಟ್ಟಿ ನೋಡುವುದಷ್ಟೇ ಉಳಿದದ್ದು.

ಗಡುವಿನ ವಿಷಯದಲ್ಲೂ ಜಾಗ್ರತೆ ಬೇಕು. ಸಂಸತ್ತು ವಿಸರ್ಜನೆಯಾದರೆ ತೆರೆದಿರುವ ಅರ್ಜಿಗಳೆಲ್ಲ ಅದೇ ದಿನ ಮುಚ್ಚುತ್ತವೆ; 2017, 2019, 2024ರಲ್ಲಿ ಹೀಗೇ ಆಯಿತು. ಇನ್ನು ತುರ್ತು ಕೆಲಸಕ್ಕೆ ಈ ಸೇವೆಯನ್ನು ನಂಬಲೇಬೇಡಿ. ಮೇ ಇಳಿದು ಬೋರಿಸ್ ಜಾನ್ಸನ್ ಬಂದು 2019ರ ಆಗಸ್ಟ್‌ನಲ್ಲಿ ಸಂಸತ್ತಿನ ಅಧಿವೇಶನ ಮುಂದೂಡಲು ಹೊರಟಾಗ, ಬೇಡ ಎಂಬ ಅರ್ಜಿಗೆ 17 ಲಕ್ಷ ಸಹಿ ಬಿತ್ತು. ಅದರ ಚರ್ಚೆ ಸೆಪ್ಟೆಂಬರ್ 9ರಂದು. ಅದೇ ರಾತ್ರಿ ಸಂಸತ್ತಿಗೆ ಬೀಗ. ಬೀಗ ತೆಗೆಸಿದ್ದು ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಒಮ್ಮತದ ತೀರ್ಪು.

ಬಳಕೆಯ ಸುಲಭಕ್ಕೆ ಐದರಲ್ಲಿ ನಾಲ್ಕೂವರೆ, ಪಾರದರ್ಶಕತೆಗೆ ಐದು, ಫಲಕ್ಕೆ ಎರಡು. ಪಾರದರ್ಶಕತೆಗೆ ಐದು ಕೊಟ್ಟದ್ದು ಉದಾರತನದಿಂದಲ್ಲ. ಸರ್ಕಾರದ ಉತ್ತರ ಬಂದರೆ, ಚರ್ಚೆಯ ದಿನ ಗೊತ್ತಾದರೆ, ಚರ್ಚೆಯ ಪೂರ್ಣ ವರದಿ ಪ್ರಕಟವಾದರೆ, ಬೇಕೆಂದು ಗುರುತು ಹಾಕಿದ ಪ್ರತಿ ಸಹಿದಾರನಿಗೂ ಇಮೇಲ್ ಬರುತ್ತದೆ. ಉತ್ತರ ಹಾರಿಕೆಯದಾಗಿದ್ದರೆ ಸಮಿತಿ ಅದನ್ನು ಇಲಾಖೆಗೆ ತಿರುಗಿ ಕಳಿಸಿ ಹೊಸದಾಗಿ ಬರೆಸುವುದೂ ಉಂಟು. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಮನವಿ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಂಡು, ಆಮೇಲೆ ಅದು ಯಾವ ಮೇಜಿನ ಮೇಲಿದೆ ಎಂದು ಕೇಳುತ್ತಾ ಹೋಗುವವರಿಗೆ ಇದರ ಬೆಲೆ ಗೊತ್ತು.

ನಮ್ಮಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಲೋಕಸಭೆಗೂ ಅರ್ಜಿಗಳ ಸಮಿತಿ ಇದೆ, 15 ಸದಸ್ಯರದು. ಅಲ್ಲಿಗೆ ಅರ್ಜಿ ಮಂಡನೆಯಾಗಲು ಸಂಸದರ ಮೇಲುರುಜು ಬೇಕು, ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ, ಸಹಿ ಅಥವಾ ಹೆಬ್ಬೆಟ್ಟು ಬೇಕು. ಕನ್ನಡದಲ್ಲಿ ಬರೆದರೆ ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವನ್ನೂ ಸಹಿ ಮಾಡಿ ಇಡಬೇಕು. ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಎಂಬ ದೂರು ಪೋರ್ಟಲ್ ಒಬ್ಬೊಬ್ಬರ ದೂರಿಗೆ ಒಳ್ಳೆಯದು, 21 ದಿನದೊಳಗೆ ವಿಲೇವಾರಿ ಎಂಬ ಗಡುವೂ ಇದೆ. ಊರಿಗೆ ಊರೇ ಸೇರಿ ಒಂದು ಮಾತು ಹೇಳಲು ಅದರಲ್ಲಿ ಜಾಗವಿಲ್ಲ. ಚೇಂಜ್ ಡಾಟ್ ಆರ್ಗ್‌ನಂಥ ಖಾಸಗಿ ತಾಣದಲ್ಲಿ ಯಾರೂ ಎಲ್ಲಿಂದಲೂ ಸಹಿ ಹಾಕಬಹುದು, ಕೊನೆಗೆ ಪ್ರಚಾರಕ್ಕೆ ದುಡ್ಡು ಕೇಳುತ್ತದೆ, ಉತ್ತರ ಕೊಡುವ ಹೊಣೆ ಯಾವ ಸರ್ಕಾರಕ್ಕೂ ಇಲ್ಲ.

ಹಾಗೆಂದು ಬ್ರಿಟನ್ನಿನ ಮಾದರಿಯನ್ನು ಇದ್ದ ಹಾಗೆ ತಂದರೆ ನಮಗೆ ಒದಗೀತೇ? ಅದರ ಜೀವ ಇರುವುದು ಯಾವ ಕ್ಷೇತ್ರದಲ್ಲಿ ಎಷ್ಟು ಸಹಿ ಎಂದು ಬಣ್ಣದಲ್ಲಿ ತೋರಿಸುವ ಕ್ಷೇತ್ರವಾರು ನಕ್ಷೆಯಲ್ಲಿ. ಅಲ್ಲಿ ಒಂದು ಕ್ಷೇತ್ರವೆಂದರೆ ಸರಾಸರಿ 70 ಸಾವಿರ ಚಿಲ್ಲರೆ ಮತದಾರರು. ಐದಾರು ಸಾವಿರ ಸಹಿ ಬಿದ್ದರೆ ಸಂಸದ ಬೆವರುತ್ತಾನೆ. ಕಾಸರಗೋಡು ಲೋಕಸಭಾ ಕ್ಷೇತ್ರದಲ್ಲಿ 14 ಲಕ್ಷ ದಾಟಿದ ಮತದಾರರು, ಮಂಜೇಶ್ವರದಿಂದ ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿವರೆಗೆ ಏಳು ವಿಧಾನಸಭಾ ಕ್ಷೇತ್ರ. ಚಂದ್ರಗಿರಿಯ ಬಡಗಣ ದಂಡೆಯ ಕನ್ನಡಿಗರು ಒಗ್ಗಟ್ಟಾಗಿ ಸಹಿ ಹಾಕಿದರೂ ಆ ನಕ್ಷೆಯಲ್ಲಿ ಬಣ್ಣ ತೆಳುವಾಗಿಯೇ ಕಾಣುತ್ತದೆ. ಪಂಚಾಯತುವಾರು ಲೆಕ್ಕ ಕೊಡದ ಇಂಥ ಜಾಲತಾಣ ಗಡಿನಾಡಿಗೆ ಅರ್ಧ ಉಪಯೋಗ.

ಅಂಕಿ ಬೇಕಾದವರಿಗೆ ಒಂದೆರಡು ಮಾತು. ಯಾವುದೇ ಅರ್ಜಿಯ ವಿಳಾಸದ ಕೊನೆಗೆ ಚುಕ್ಕಿ ಹಾಕಿ ಜೇಸನ್ (json) ಎಂಬ ನಾಲ್ಕು ಇಂಗ್ಲಿಷ್ ಅಕ್ಷರ ಸೇರಿಸಿದರೆ ದೇಶವಾರು, ಕ್ಷೇತ್ರವಾರು ಸಹಿಯ ಪೂರ್ತಿ ಪಟ್ಟಿ ಸಿಗುತ್ತದೆ, ಅದನ್ನು ಎಕ್ಸೆಲ್‌ಗೆ ತಂದುಕೊಳ್ಳಬಹುದು. ಹಳೆಯ ಸಂಸತ್ತಿನ ಅರ್ಜಿಗಳು ಸಂಗ್ರಹ ವಿಭಾಗಕ್ಕೆ ಹೋಗಿವೆ, 241584 ಅಲ್ಲಿದೆ. ಸಹಿಯ ಬರೀ ಸಂಖ್ಯೆ ನೋಡಬೇಡಿ, ಕ್ಷೇತ್ರದ ಮತದಾರರ ಸಂಖ್ಯೆಯಿಂದ ಭಾಗಿಸಿ ನೋಡಿ. ಆ ಅರ್ಜಿಯ ನಕ್ಷೆಯಲ್ಲಿ ಬ್ರಿಸ್ಟಲ್ ವೆಸ್ಟ್, ಬ್ರೈಟನ್ ಪೆವಿಲಿಯನ್ ಕ್ಷೇತ್ರಗಳು ಯಾಕೆ ಅಷ್ಟು ಗಾಢವಾಗಿ ಕಾಣುತ್ತವೆ ಎಂದು ಆಗ ತಿಳಿಯುತ್ತದೆ. ಭಾಜಕವಾಗಿ 2019ರ ಮತದಾರರ ಪಟ್ಟಿಯನ್ನೇ ಹಿಡಿಯಬೇಕು. 2024ರಲ್ಲಿ ಕ್ಷೇತ್ರಗಳ ಗಡಿ ಬದಲಾಗಿ ಬ್ರಿಸ್ಟಲ್ ವೆಸ್ಟ್ ಎಂಬ ಕ್ಷೇತ್ರವೇ ಈಗಿಲ್ಲ. ಹೊಸ ಪಟ್ಟಿ ತಂದು ಪಕ್ಕಕ್ಕಿಟ್ಟರೆ ಸಾಲುಗಳು ತಾಳೆಯಾಗುವುದಿಲ್ಲ.